ರಾತ್ರಿ 11ರಿಂದ ಬೆಳಗಿನ ಜಾವ 4ರವರೆಗೆ ಅತ್ತೆಯನ್ನು ಎಲ್ಲಿ ಕೂರಿಸಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಾಸನದಿಂದ ನಮ್ಮ ಅತ್ತೆ ಬಂದಿದ್ದಾರೆ. ಊರಲ್ಲಿ ಹೂ ಕಟ್ಟಿ ಮಾರುತ್ತಾರೆ. ಕೆ.ಆರ್. ಮಾರುಕಟ್ಟೆಗೆ ಬೆಳಗಿನ ಜಾವ ಹೂವಿನ ಮೂಟೆ ಬಂದಿಳಿಯುವುದನ್ನು ನೋಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ಸೇವಂತಿಗೆ ರಾಶಿ, ಕನಕಾಂಬರದ ಕುಚ್ಚು ಮುಟ್ಟಿ ನೋಡಿ ದರ ಕೇಳಬೇಕಂತೆ.

ಭಾನುವಾರ ಸಂಜೆ ವಿಧಾನಸೌಧದ ದೀಪಾಲಂಕಾರ, ಆಮೇಲೆ ವಿ.ವಿ. ಪುರಂ ತಿಂಡಿ ಬೀದಿ. ಅಲ್ಲಿವರೆಗೆ ತೊಂದರೆ ಇಲ್ಲ. ಸಮಸ್ಯೆ ಅದರ ನಂತರದ್ದು. ನಮ್ಮ ಮನೆ ಹೊಸಕೋಟೆ ಹತ್ತಿರ. ರಾತ್ರಿ ವಾಪಸ್ ಹೋದರೆ 3 ಗಂಟೆಗೆ ಮತ್ತೆ ಹೊರಡಬೇಕು. ಆ ಹೊತ್ತಲ್ಲಿ ಮೆಟ್ರೋ ಇಲ್ಲ, ಕ್ಯಾಬ್ ಬುಕ್ ಮಾಡಿದರೆ ಕ್ಯಾನ್ಸಲ್ ಆಗುತ್ತದೆ. ಸ್ನೇಹಿತರನ್ನು ಕೇಳಿದೆ, ಎಲ್ಲರೂ ಚರ್ಚ್ ಸ್ಟ್ರೀಟ್, ಇಂದಿರಾನಗರದ ಪಬ್ ಅಂತಾರೆ. ಅವೂ 1 ಗಂಟೆಗೆ ಮುಚ್ಚುತ್ತವೆ, ಅತ್ತೆಗೆ ಒಗ್ಗುವ ಜಾಗವೂ ಅಲ್ಲ. ಕಬ್ಬನ್ ಪಾರ್ಕ್ ರಾತ್ರಿ ಇರಲ್ಲ. ಲಾಡ್ಜ್ ಮಾಡೋಣ ಅಂದರೆ ಸುಮ್ನೆ ದುಡ್ಡು ದಂಡ ಅಂತ ಅವರು ಒಪ್ಪುತ್ತಿಲ್ಲ. ಅವರಿಗೆ ಮಂಡಿನೋವು, ಜಾಸ್ತಿ ನಡೆಸೋಕೂ ಆಗಲ್ಲ.

ಮಾರುಕಟ್ಟೆಗೆ ಹತ್ತಿರದಲ್ಲಿ, ರಾತ್ರಿಯಿಡೀ ತೆರೆದಿರುವ, ಇಬ್ಬರು ಹೆಂಗಸರು ಧೈರ್ಯವಾಗಿ ಕೂರಬಹುದಾದ, ಕಾಫಿ ಮತ್ತು ಶುಚಿಯಾದ ಶೌಚಾಲಯ ಇರುವ ಜಾಗ ಯಾವುದಿದೆ? ನೀವೇ ಹೋಗಿ ಕೂತಿದ್ದ ಜಾಗ ಇದ್ದರೆ ದಯವಿಟ್ಟು ತಿಳಿಸಿ.