ಲೋಳೆಸರದ ಪಾಲಿಸ್ಯಾಕರೈಡ್: ಎನ್‌ಎಂಆರ್‌ನಲ್ಲಿ ಅಸಿಟೈಲ್ ಕಾಣ್ತಾನೇ ಇಲ್ಲ, ಸಹಾಯ ಮಾಡಿ

ಬೀಕರ್_ಹುಡುಗ: ಮೂರನೇ ಸಲವೂ ಕೆಟ್ಟಿತು. ಲೋಳೆಸರದ ಎಲೆಯಿಂದ ಅಸೆಮ್ಯಾನನ್ (ಅದರ ಲೋಳೆಯಲ್ಲಿರೋ ಪಾಲಿಸ್ಯಾಕರೈಡ್, ಅಂದ್ರೆ ಅಸಿಟೈಲ್ ಗುಂಪುಗಳು ಅಂಟಿರೋ ಉದ್ದ ಸಕ್ಕರೆ ಸರಪಳಿ) ತೆಗೀತಿದ್ದೀನಿ. ಸಿಪ್ಪೆ ಸುಲಿದು, ಹಳದಿ ರಸ ಬಸಿದು, ತಿರುಳು ರುಬ್ಬಿ ಸೋಸಿ, ಎಥನಾಲ್ ಹಾಕಿ ಇಳಿಸಿ, ಡಯಾಲಿಸಿಸ್ ಮಾಡಿ (ಸಣ್ಣ ಅಣುಗಳನ್ನ ಪೊರೆ ಮೂಲಕ ನೀರಿಗೆ ಬಿಟ್ಟು) ಒಣಗಿಸಿದೆ. ಪ್ರೋಟಾನ್ ಎನ್‌ಎಂಆರ್‌ನಲ್ಲಿ (ಅಣುವಿನ ಹೈಡ್ರೋಜನ್‌ಗಳನ್ನ ತೋರಿಸೋ ಪರೀಕ್ಷೆ) ಅಸಿಟೈಲ್ ಪೀಕ್ ಬರಬೇಕಾದ 2.0ರಿಂದ 2.3 ಪಿಪಿಎಂ ಪೂರ್ತಿ ಬೋಳು. ಪುಡಿ ಡಿ2ಓದಲ್ಲಿ (ಎನ್‌ಎಂಆರ್‌ಗೆ ಬಳಸೋ ಭಾರಜಲ) ಕರಗ್ತಾನೂ ಇಲ್ಲ, ಟ್ಯೂಬಿನ ತಳದಲ್ಲಿ ಬಿಳಿ ಗಸಿ ಕೂತಿದೆ. ಸೋಮವಾರ ಗೈಡ್‌ಗೆ ತೋರಿಸಬೇಕು.

ಹಳೇ_ಕಾಲಂ: ಎಥನಾಲ್ ಕಮ್ಮಿ ಆಗಿದೆ. ಎಷ್ಟು ಪಟ್ಟು ಹಾಕಿದ್ರಿ?

ಬೀಕರ್_ಹುಡುಗ: ನಾಲ್ಕು ಪಟ್ಟು ಸರ್.

ಹಳೇ_ಕಾಲಂ: ತಣ್ಣಗಿತ್ತಾ? ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಟ್ರಾ? ಎಥನಾಲ್ ಕಡೆನೇ ನೋಡಿ.

ಶಿರಸಿ_ಸೊಪ್ಪು: ಎಲೆ ಯಾವುದು? ನಮ್ಮೂರಲ್ಲಿ ಕತ್ತಾಳೆಯನ್ನೂ ಲೋಳೆಸರ ಅಂತಾರೆ.

ಮಾನೋಸ್_ಮನೆ: ಎರಡೂ ಬೇರೆ ಗಿಡ. ಕತ್ತಾಳೆ ಅಗೇವ್ ಜಾತಿ, ಅದು ಕೂಡಿಡೋದು ಫ್ರಕ್ಟಾನ್, ಅಂದ್ರೆ ಫ್ರಕ್ಟೋಸ್ ಸರಪಳಿ.

ಶಿರಸಿ_ಸೊಪ್ಪು: ಗೊತ್ತು. ಜನ ಏನಂತಾರೆ ಅಂದೆ ಅಷ್ಟೆ.

ಮಾನೋಸ್_ಮನೆ: ಒಣಗಿಸಿದ್ದು ಹೇಗೆ? ನಮ್ಮಲ್ಲಿ ಮೈನಸ್ 80ರಲ್ಲಿ ಗಟ್ಟಿ ಮಾಡಿ ಫ್ರೀಜ್ ಡ್ರೈಯರ್‌ಗೆ ಹಾಕ್ತೀವಿ. ಪುಡಿ ಹತ್ತಿ ಹಿಂಜಿದ ಹಾಗೆ ಹಗುರ. ಹೊಸ ಪಂಪ್ ಬಂದ ಮೇಲಂತೂ ಒಂದು ಬ್ಯಾಚೂ ಕೆಟ್ಟಿಲ್ಲ.

ಗ್ಲೈಕೋ_ಅಕ್ಕ: ಎಥನಾಲ್ ಬಿಡಿ, ಡ್ರೈಯರ್ ಬಿಡಿ. ಪುಡಿ ನೀರಲ್ಲಿ ಕರಗ್ತಿಲ್ಲ ಅನ್ನೋದನ್ನ ಯಾರೂ ಗಮನಿಸ್ಲಿಲ್ಲವಲ್ಲ! ತಮ್ಮಾ, ಎಲ್ಲಾದ್ರೂ ಕ್ಷಾರ ಹಾಕಿದ್ಯಾ?

ಬೀಕರ್_ಹುಡುಗ: ಲೋಳೆ ತುಂಬಾ ಅಂಟಿತ್ತು, ಸೋಸೋಕೆ ಆಗ್ತಿರ್ಲಿಲ್ಲ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಅರ್ಧ ಗಂಟೆ ಕಲಕಿದೆ. ಆಮೇಲೆ ಪಿಎಚ್ 7ಕ್ಕೆ ತಂದೆ, ಅದಕ್ಕೇ ಬರೀಲಿಲ್ಲ.

ಗ್ಲೈಕೋ_ಅಕ್ಕ: ಅಲ್ಲೇ ಹೋಯ್ತು ನೋಡು. ಅಸೆಮ್ಯಾನನ್ ಅಂದ್ರೆ ಬೀಟಾ-1,4 ಕೊಂಡಿಯ ಮ್ಯಾನೋಸ್ ಸರಪಳಿ. 2, 3, 6ನೇ ಸ್ಥಾನಗಳಲ್ಲಿ ಅಲ್ಲಲ್ಲಿ ಅಸಿಟೈಲ್ ಎಸ್ಟರ್ ಕೂತಿರುತ್ತೆ. ಎಸ್ಟರ್ ಕ್ಷಾರಕ್ಕೆ ತಡೆಯಲ್ಲ, ಕಳಚಿ ಅಸಿಟೇಟ್ ಆಗಿ ಡಯಾಲಿಸಿಸ್ ನೀರಲ್ಲಿ ಹರಿದುಹೋಗುತ್ತೆ. ಪಿಎಚ್ 7ಕ್ಕೆ ತಂದ ಮಾತ್ರಕ್ಕೆ ಅದು ವಾಪಸ್ ಬಂದು ಕೂರಲ್ಲ. ಅಸಿಟೈಲ್ ಹೋದ ಸರಪಳಿಗಳು ಒಂದಕ್ಕೊಂದು ಒತ್ತಾಗಿ ಅಂಟಿಕೊಳ್ತವೆ, ನೀರು ಒಳಗೆ ಹೋಗಲ್ಲ. ನಿನ್ನ ಟ್ಯೂಬಿನ ಗಸಿ ಅದೇ. ಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರಂ) ತೆಗಿ, 1740 ಸೆಂ.ಮೀ⁻¹ ಸುತ್ತ ಎಸ್ಟರ್ ಪೀಕ್ ಇದೆಯಾ ನೋಡು. ಹೊಸ ಎಲೆ ತಗೊಂಡು ಬರೀ ತಣ್ಣೀರಲ್ಲಿ ತೆಳ್ಳಗೆ ಮಾಡಿ ಸೆಂಟ್ರಿಫ್ಯೂಜ್ ಮಾಡು. ಬಿಸಿ ಮಾಡ್ಬೇಡ.

ಹಳೇ ಪುಡಿ ಚೆಲ್ಲಬೇಡ. ಸಕ್ಕರೆಗಳ ಕೊಂಡಿ ಯಾವ ಸ್ಥಾನದಲ್ಲಿದೆ ಅಂತ ಪತ್ತೆಗೆ ಮಿಥೈಲೇಶನ್ (ಖಾಲಿ ಹೈಡ್ರಾಕ್ಸಿಲ್‌ಗಳಿಗೆ ಮಿಥೈಲ್ ಗುಂಪು ಕೂರಿಸೋದು) ಮಾಡೋದಿದ್ರೆ ಇಟ್ಕೋ. ಅಲ್ಲಿ ಪುಡಿ ಮಾಡಿದ ಸೋಡಿಯಂ ಹೈಡ್ರಾಕ್ಸೈಡ್ ಹಾಕೋದರಿಂದ ಅಸಿಟೈಲ್ ಹೇಗಿದ್ರೂ ಉಳಿಯಲ್ಲ. ಅಸಿಟೈಲ್ ಎಲ್ಲೆಲ್ಲಿದೆ ಅಂತ ಎನ್‌ಎಂಆರ್‌ನಲ್ಲೇ ನೋಡ್ಬೇಕು.

ಹಳೇ_ಕಾಲಂ: ಆದ್ರೂ ಎಥನಾಲ್ ತಣ್ಣಗಿತ್ತಾ ಅಂತ ಹೇಳಲೇ ಇಲ್ಲ.

ಬೀಕರ್_ಹುಡುಗ: ಅಕ್ಕಾ, ಎರಡು ಪುಡಿಯ ಐಆರೂ ತೆಗೆದೆ. ಹಳೇದರಲ್ಲಿ 1740 ಇಲ್ಲ. ಇವತ್ತು ಬರೀ ನೀರಲ್ಲಿ ಮಾಡಿದ್ದರಲ್ಲಿ ಎದ್ದು ಕಾಣ್ತಿದೆ. ಡಿ2ಓದಲ್ಲೂ ಕರಗಿತು, ಟ್ಯೂಬ್ ಓರೆ ಮಾಡಿದ್ರೆ ನಿಧಾನಕ್ಕೆ ಎಳೆಎಳೆಯಾಗಿ ಜಾರುತ್ತೆ. ಎನ್‌ಎಂಆರ್ ಸರದಿ ನಾಳೆ ಬೆಳಗ್ಗೆ.