ಚಿಮಣಿ ತಾಪ ಇಳಿದಿದೆ, ಆದ್ರೂ ಬಗಾಸ್ (ಕಬ್ಬು ಅರೆದ ಮೇಲೆ ಉಳಿಯೋ ಸಿಪ್ಪೆ) ಜಾಸ್ತಿ ಉರೀತಿದೆ. ಯಾಕೆ?

ಶಿಫ್ಟ್_ಬಾಯ್ಲರ್: ನಮ್ಮದು 67 ಬಾರ್ ಬಾಯ್ಲರ್, ಬರೀ ಬಗಾಸ್. ಮೊದಲು ಕಿಲೋ ಬಗಾಸ್‌ಗೆ 2.3 ಕಿಲೋ ಹಬೆ ಬರುತ್ತಿತ್ತು. ಈಗ 2.1. ಬಗಾಸ್ ತೇವ 50ರಿಂದ 51% ಆಗಿದೆ, ಅಷ್ಟೇ. ವಿಚಿತ್ರ ಅಂದ್ರೆ ಚಿಮಣಿ ತಾಪ 155ರಿಂದ 138 ಡಿಗ್ರಿಗೆ ಇಳಿದಿದೆ. ಅದು ಒಳ್ಳೇದೇ ಅಲ್ವಾ? ಪ್ಯಾನೆಲ್‌ನಲ್ಲಿ ಹೊಗೆಯ ಆಕ್ಸಿಜನ್ 7% ತೋರಿಸುತ್ತಿತ್ತು, ಹಾಗಾಗಿ ಗಾಳಿ ಕಡಿಮೆ ಮಾಡಿದ್ದೇವೆ. ಗ್ರೇಟ್ (ಕುಲುಮೆಯ ತಳದ ಜಾಲರಿ) ಮೇಲೆ ಬಗಾಸ್ ರಾಶಿ ಬೀಳ್ತಿದೆ.

ಲ್ಯಾಬ್_ಮೂಲೆ: ಸುಮ್ನೆ ತೇವವನ್ನ ಬೈಯಬೇಡಿ ಸರ್. ತೇವ 1% ಏರಿದ್ರೆ ನಿವ್ವಳ ಶಾಖದಲ್ಲಿ ಕಿಲೋಗೆ 50 ಕಿಲೋಕ್ಯಾಲರಿ ಹೋಗುತ್ತೆ. ಇರೋದೇ ಸುಮಾರು 1800. ಅಂದ್ರೆ 3% ಕೂಡ ಇಲ್ಲ. ನಿಮ್ಮ ಇಳಿಕೆ 9% ಹತ್ತಿರ ಇದೆ.

ಹಬೆಗಾರ: ಆಕ್ಸಿಜನ್ ಪ್ರೋಬ್ ಎಲ್ಲಿದೆ? ಏರ್ ಹೀಟರ್ (ಹೊಗೆಯ ಶಾಖದಿಂದ ಕುಲುಮೆಯ ಗಾಳಿ ಕಾಯಿಸೋ ಭಾಗ) ಆದಮೇಲೆ ಇದ್ರೆ ಆ 7% ನಂಬಬೇಡಿ. ಐಡಿ ಫ್ಯಾನ್ (ಹೊಗೆ ಎಳೆದು ಚಿಮಣಿಗೆ ಕಳಿಸೋ ಫ್ಯಾನ್) ಆಂಪ್ಸ್ ಏರಿದೆಯಾ? ಪೋರ್ಟಬಲ್ ಅನಲೈಸರ್ ಹಿಡಿದು ಹೊಗೆ ಏರ್ ಹೀಟರ್‌ಗೆ ಹೋಗೋ ಮುಂಚೆ, ಆದಮೇಲೆ ಎರಡೂ ಕಡೆ ನೋಡಿ.

ಶಿಫ್ಟ್_ಬಾಯ್ಲರ್: ಪ್ರೋಬ್ ಆದಮೇಲೇ ಇದೆ. ಮುಂಚೆ 2.5%, ಆದಮೇಲೆ 7%. ಐಡಿ ಫ್ಯಾನ್ ಡ್ಯಾಂಪರ್ ಪೂರ್ತಿ ತೆರೆದಿದೆ.

ಹಬೆಗಾರ: ಸಿಕ್ತು. ಏರ್ ಹೀಟರ್ ಟ್ಯೂಬ್ ತೂತಾಗಿದೆ. ವ್ಯತ್ಯಾಸ 4.5, ಅದನ್ನ ಗಾಳಿಯ ಆಕ್ಸಿಜನ್ 21ರಲ್ಲಿ 7 ಕಳೆದ 14ರಿಂದ ಭಾಗಿಸಿ. 30% ಆಸುಪಾಸು ಸೋರಿಕೆ. ಎಫ್‌ಡಿ (ಕುಲುಮೆಗೆ ಗಾಳಿ ತಳ್ಳೋ ಫ್ಯಾನ್) ತಳ್ಳಿದ ತಣ್ಣನೆ ಗಾಳಿ ಕುಲುಮೆಗೆ ಹೋಗದೆ ನೇರ ಹೊಗೆಗೆ ಸೇರ್ತಿದೆ. ಚಿಮಣಿ ತಣ್ಣಗಾಗಿದ್ದು ಅದಕ್ಕೇ, ಶಾಖ ಉಳಿದದ್ದರಿಂದ ಅಲ್ಲ. ಆ ಕಡೆ ಕುಲುಮೆ ಗಾಳಿ ಇಲ್ಲದೆ ಒದ್ದಾಡ್ತಿದೆ, ಇಂಧನ ಅರೆಬರೆ ಉರಿದು ಬೂದಿಗೆ ಹೋಗ್ತಿದೆ. ಪ್ರೋಬನ್ನ ಎಕನಾಮೈಸರ್ (ಹೊಗೆಯ ಶಾಖದಿಂದ ಬಾಯ್ಲರ್ ನೀರು ಕಾಯಿಸೋ ಭಾಗ) ಹತ್ತಿರಕ್ಕೆ, ಏರ್ ಹೀಟರ್‌ಗೆ ಮುಂಚೆ ಹಾಕಿಸಿ. ಅಲ್ಲಿ 4ರಿಂದ 5% ಇರಲಿ. ಐಡಿ ತಾಳದಿದ್ರೆ ಸದ್ಯಕ್ಕೆ ಲೋಡ್ ಸ್ವಲ್ಪ ಇಳಿಸಿ.

ಶಿಫ್ಟ್_ಬಾಯ್ಲರ್: ಲೋಡ್ ಇಳಿಸಿ ಗಾಳಿ ಕೊಟ್ಟೆವು, ರಾಶಿ ಕರಗ್ತಿದೆ. ಬಗಾಸ್‌ನಲ್ಲಿ ಗಂಧಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮತ್ತೆ ಟ್ಯೂಬ್ ತುಕ್ಕು ಹಿಡಿಯೋದು ಹೇಗೆ?

ಹಬೆಗಾರ: ಬಗಾಸ್ ಹೊಗೆಯಲ್ಲಿ ನೀರಾವಿ ವಿಪರೀತ. ಲೋಹ ಸುಮಾರು 65 ಡಿಗ್ರಿಗಿಂತ ತಣ್ಣಗಾದ್ರೆ ನೀರು ಕೂರುತ್ತೆ. ಬಾಯ್ಲರ್ ಹಚ್ಚುವಾಗ, ಲೋಡ್ ಕಡಿಮೆ ಇದ್ದಾಗ ಇದು ಜಾಸ್ತಿ. ಜೊತೆಗೆ ಬೂದಿಯಲ್ಲಿನ ಮರಳು ಟ್ಯೂಬ್ ಬಾಯಿ ಸವೆಸುತ್ತೆ. ಕ್ಲೀನಿಂಗ್‌ಗೆ ನಿಲ್ಲಿಸಿದಾಗ ಎಫ್‌ಡಿ ಮಾತ್ರ ಓಡಿಸಿ, ಟ್ಯೂಬ್ ಬಾಯಿಗಳ ಹತ್ತಿರ ಬಟ್ಟೆ ಚೂರು ಹಿಡಿದು ನೋಡಿ. ಹಾರಿದ ಕಡೆ ಎರಡೂ ತುದಿ ಪ್ಲಗ್ ಮಾಡಿ. ತಣ್ಣನೆ ಗಾಳಿ ಒಳಗೆ ಬರುವ ಮೂಲೆಯಿಂದಲೇ ಶುರು ಮಾಡಿ.