ಸಹಾಯ ಬೇಕು: ಹುಡುಗಿಯ ತೈಲಚಿತ್ರದಾಗ ಬೆಳಕು ಎರಡು ದಿಕ್ಕಿನಿಂದ ಬಂದಂಗ ಐತಿ

ಕೊಪ್ಪಳದ ಹಳೇ ಮನೆಯೊಂದರ ಪಡಸಾಲಿಯ ಚಿತ್ರ. ಕ್ಯಾನ್ವಾಸ್, 18×24 ಇಂಚು, ಸಹಿ ಇಲ್ಲ. ನಾಲ್ಕೈದು ವರ್ಷದ ಹುಡುಗಿ, ಕೈಯಾಗ ಕಿನ್ನಾಳದ ಗೊಂಬಿ.

ಎರಡೂ ಕಣ್ಣಿನ ಹೊಳಪಿನ ಚುಕ್ಕಿ ಗಡಿಯಾರದಾಗ ಹತ್ತು ಗಂಟೆ ಇರೋ ಜಾಗದಾಗ ಐತಿ, ಅಂದ್ರ ಬೆಳಕು ನಮ್ಮ ಎಡಗಡೆಯಿಂದ. ಮೂಗಿನ ನೆರಳು ಸರಿಯಾಗಿ ಬಲಕ್ಕ ಬಿದ್ದೈತಿ. ಆದ್ರ ಗೊಂಬಿ ಹಿಡಿದ ಕೈಯ ನೆರಳು ಲಂಗದ ಮ್ಯಾಲೆ ಎಡಕ್ಕ!

ಟಾರ್ಚ್ ಓರೆ ಹಿಡಿದು ನೋಡಿದೆ: ಮುಖದಾಗ ಬಣ್ಣ ತೆಳ್ಳಗ, ನುಣ್ಣಗ, ಲಂಗದಾಗ ಕುಂಚದ ಗೆರಿ ಉಬ್ಬ್ಯಾವು. ನೇರಳಾತೀತ (ಯುವಿ) ದೀಪದಾಗ ಆಮ್ಯಾಲೆ ತಿದ್ದಿದ ಜಾಗ ಕಪ್ಪಗ ಕಾಣತೈತಿ, ಅಂಥ ಕಲೆ ಕಾಣಲಿಲ್ಲ. ಆದ್ರ ವಾರ್ನಿಷ್ ದಪ್ಪ ಐತಿ, ಅದರಡಿ ತಿದ್ದುಪಡಿ ಮುಚ್ಚಿಹೋಗಿರಬಹುದು.

ಮುಖ ಫೋಟೋ ನೋಡಿ, ಮೈ ಬ್ಯಾರೆ ಮಗೂನ ಎದುರಿಗೆ ಕುಂದ್ರಿಸಿ ಬರದದ್ದೋ, ಇಲ್ಲ ಕೈ-ಗೊಂಬಿ ಆಮ್ಯಾಲೆ ಸೇರಿಸಿದ್ದೋ? ಇದನ್ನ ತಿಳಕೊಳ್ಳಾಕ ಮೊದಲು ಯಾವ ಭಾಗ ನೋಡಬೇಕು, ತಿಳಿದವರು ಹೇಳ್ರಿ.